ಯಶೋದಮ್ಮನ ಮಾರು

ಚಲುವರಾಜು ಗೌಡರ ಜಾತಕದಲ್ಲಿ ಜಲಗಂಡ ಇದೆ ಅನ್ನೋದು ಮಳವಳ್ಳಿ ಸುತ್ತಮುತ್ತ ಯಾರಿಗೆ ಗೊತ್ತಿಲ್ಲ ಹೇಳಿ. ಈ ಮಗುವಿಗೆ ನೀರಿನಿಂದಲೇ ಕುತ್ತು, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಿ ಅಂತ ಹುಟ್ಟಿದಾಗಲೇ ಜೋಯಿಸರು ಹೇಳಿಬಿಟ್ಟಿದ್ದರಂತೆ. ಅವತ್ತಿನಿಂದ ಇವತ್ತಿನವರೆಗೆ ಆ ಪುಣ್ಯಾತ್ಮ ನಾಲೆಗೆ ಕಾಲಿಟ್ಟಿಲ್ಲ. ಜಲಪಾತ ಇರೋ ಬ್ಲಫ್ ಕಡೆ ನೆಂಟರ ಮನೆಗೆ ಹೋದರೂ ಅದನ್ನ ಕಾರಿನ ಗಾಜು ಏರಿಸಿಕೊಂಡೇ ನೋಡಿ ಬರೋದು. ಇಷ್ಟು ನೀರಿಗೆ ಹೆದರೋ ಮನುಷ್ಯ ಹೊಟ್ಟೆಪಾಡಿಗೆ ಹಿಡಿದದ್ದು ಮಾತ್ರ ಪಂಪ್‌ಸೆಟ್ ವ್ಯಾಪಾರ. ವ್ಯಾಪಾರ ಕೈಹಿಡೀತು. ಜಿಲ್ಲೆಗೇ ಹೆಚ್ಚು ಮೋಟರು ಮಾರಿದ್ದಕ್ಕೆ ಕಂಪನಿಯವರು ಖುಷಿಯಾಗಿ ಬಹುಮಾನ ಕೊಟ್ಟರು. ಏನು ಬಹುಮಾನ ಅಂತೀರಾ, ಮುಂಬೈಯಿಂದ ಗೋವಾಕ್ಕೆ ಹೋಗಿ ಬರೋ ದೊಡ್ಡ ಹಡಗಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಮೂರು ದಿನದ ಸವಾರಿ.

ಗೌಡರು ಹೋಗೋ ಹಾಗಿಲ್ಲ. ಹಾಗಂತ ಕಂಪನಿಯವರು ಕೊಟ್ಟಿದ್ದ ಬಣ್ಣದ ಪುಸ್ತಕ ಕೈಬಿಡೋಕೂ ಮನಸ್ಸಿಲ್ಲ. ಅಂಗಡಿಯಲ್ಲಿ ಕೂತು ಆ ಹಡಗಿನ ಮೆಟ್ಟಿಲು, ತೂಗುದೀಪ, ನೂರಾರು ಜನ ಕೂರೋ ಊಟದ ಹಾಲು ಎಲ್ಲಾ ತಿರುವಿ ತಿರುವಿ ನೋಡಿ ಪುಟದ ಮೂಲೆ ಸವೆದುಹೋಯಿತು. ಅದೇ ಹೊತ್ತಿಗೆ ಮದ್ದೂರು ರಸ್ತೆಯಲ್ಲಿ ಅವರೊಂದು ಮದುವೆ ಛತ್ರಕ್ಕೆ ಪಾಯ ತೆಗೆಸಿದ್ದರು. ಒಂದು ಬೆಳಿಗ್ಗೆ ಎದ್ದವರೇ ಹೇಳಿದರು, ಛತ್ರ ಒಳಗಿಂದ ಥೇಟ್ ಆ ಹಡಗಿನ ಥರಾನೇ ಇರಬೇಕು ಅಂತ. ತಾವು ಹಡಗಿಗೆ ಹೋಗೋಕಾಗದಿದ್ದರೆ ಹಡಗೇ ತಮ್ಮ ಹತ್ತಿರ ಬರಲಿ, ಸುತ್ತ ನೀರೇ ಇಲ್ಲದ ಮೇಲೆ ಯಾವ ಜಲಗಂಡ ಏನು ಮಾಡುತ್ತೆ ಅನ್ನೋದು ಅವರ ವಾದ.

ಟಿಕೆಟ್ಟು ಹಾಳಾಗೋದು ಬೇಡ ಅಂತ ಮಳವಳ್ಳಿ ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋ ಶಿವರಾಮುವನ್ನ ಕರೆಸಿದರು. ನೀನೂ ನಿನ್ನ ಹೆಂಡತಿಯೂ ನಮ್ಮ ಬದಲಿಗೆ ಹೋಗಿ ಬನ್ನಿ, ಮಲಗೋ ರೂಮು ಬೇಡ, ಹತ್ತು ಜನ ಓಡಾಡೋ ಜಾಗ ಒಂದೂ ಬಿಡದ ಹಾಗೆ ಫೋಟೋ ತೆಗೆದುಕೊಂಡು ಬಾ ಅಂದರು. ಶಿವರಾಮು ಮೂವತ್ತು ವರ್ಷದಿಂದ ಮದುವೆ, ನಾಮಕರಣ, ಗೃಹಪ್ರವೇಶ ಅಂತ ಬರೀ ಛತ್ರ ಸುತ್ತಿದವನು. ಹೂಂ ಅನ್ನೋಕೆ ಎರಡು ಸಲ ಯೋಚನೆ ಮಾಡಲಿಲ್ಲ. ಅವನ ಹೆಂಡತಿ ಯಶೋದಮ್ಮನಂತೂ ಅವತ್ತೇ ಅಟ್ಟದಿಂದ ಸೂಟ್‌ಕೇಸು ಇಳಿಸಿ ಧೂಳು ಒರೆಸಿದಳು.

ಅವಳ ಸಂಭ್ರಮಕ್ಕೆ ಕಲ್ಲು ಹಾಕಿದವನು ಅವಳ ಸ್ವಂತ ಅಣ್ಣ, ಕೊತ್ತತ್ತಿ ಹೊನ್ನಯ್ಯ ಮೇಸ್ತ್ರಿ. ಛತ್ರ ಕಟ್ಟೋ ಕೆಲಸ ಅವನದ್ದೇ. ಅರವತ್ತೆಂಟಾಗಿದೆ, ಇದೇ ಕಡೇ ಕೆಲಸ, ಇದಾದ ಮೇಲೆ ಮನೆ ಜಗಲಿ ಅಂತ ಊರಿಗೆಲ್ಲಾ ಹೇಳಿಕೊಂಡು ತಿರುಗುತ್ತಿದ್ದ. ಜೇಬಿನಲ್ಲಿ ಟೇಪು ಇದ್ದರೂ ಅವನ ನಂಬಿಕೆಯೆಲ್ಲಾ ಮೈ ಅಳತೆಯ ಮೇಲೆ. ಬೆರಳು ಅಗಲಿಸಿದರೆ ಗೇಣು, ಮೊಣಕೈಯಿಂದ ಮೊಳ, ಎರಡೂ ಕೈ ಚಾಚಿದರೆ ಮಾರು, ನೆಟ್ಟಗೆ ನಿಂತರೆ ಆಳು. ಅವನ ಬಾಯಲ್ಲಿ ಹಡಗು ಅಡಗಾಗುತ್ತೆ, ಅದು ಬೇರೆ ಮಾತು. ಆದರೆ ಅವನು ಕಟ್ಟಿದ ಗೋಡೆ ನೆಟ್ಟಗಿದೆಯಾ ಅಂತ ತೂಗುಗುಂಡು ಬಿಟ್ಟು ನೋಡಿದವರು ಯಾರೂ ಬಾಯಿ ತೆಗೆದದ್ದಿಲ್ಲ.

ಕೆಲಸದ ಜಾಗದ ಶೆಡ್ಡಿನಲ್ಲಿ ಎಲ್ಲರೂ ಕೂತಿದ್ದರು. ಗೌಡರು, ಶಿವರಾಮು, ಹೊನ್ನಯ್ಯ, ಮಂಡ್ಯದಿಂದ ಬಂದ ಎಂಜಿನಿಯರ್ ಕೃಷ್ಣಪ್ರಸಾದ್. ಬುತ್ತಿ ತಂದಿದ್ದ ಯಶೋದಮ್ಮನೂ ಒಂದು ಮೂಲೆಯಲ್ಲಿ. ಕಟ್ಟಡ ಬೀಳದ ಹಾಗೆ ನೋಡಿಕೊಳ್ಳೋದು ನನ್ನ ಜವಾಬ್ದಾರಿ, ಹಡಗಿನ ಹಾಗೆ ಕಾಣಿಸೋದು ನಿಮ್ಮದು ಅಂತ ಎಂಜಿನಿಯರು ಮೊದಲೇ ಕೈ ತೊಳೆದುಕೊಂಡರು. ಹೊನ್ನಯ್ಯ ತಲೆ ಕೆರೆದುಕೊಂಡು ಶಿವರಾಮು ಕಡೆ ತಿರುಗಿದ.

"ಬರೀ ಕಂಬುದ್ ಪಟ ತಂದ್ರೆ ನಾನೇನ್ ಮಾಡ್ಲಿ ಬಾವ? ಕಂಬುಕ್ ಬೆನ್ನು ಕೊಟ್ಟು ಯಸೋದೀನ ನಿಲ್ಸು. ಎತ್ರಕ್ಕೆ ಒಂದು ಪಟ, ಕೈ ಚಾಚ್ಸಿ ಅಗಲಕ್ಕೆ ಒಂದು. ಅವ್ಳು ಎಷ್ಟವ್ಳೆ ಅಂತ ನಂಗೊತ್ತು, ಕಂಬ ಎಷ್ಟದೆ ಅಂತ ಅವ್ಳೇ ಯೋಳ್ತಾಳೆ."

ಯಶೋದಮ್ಮನಿಗೆ ಮೈ ಉರಿದುಹೋಯಿತು. ಮೂವತ್ತು ವರ್ಷಕ್ಕೆ ಒಂದು ಸಲ ಊರು ಬಿಟ್ಟು ಹೊರಡೋದು, ಅದೂ ಅಳತೆ ಕೋಲಾಗಿ. ಅಣ್ಣನಿಗೆ ಅವಳ ಎತ್ತರ ಗೊತ್ತು ಅನ್ನೋದೇನೋ ನಿಜ. ಅಪ್ಪ ಬೇಗ ಹೋದ ಮೇಲೆ ಸಾಕಿದವನು ಅವನೇ. ಪ್ರತಿ ಯುಗಾದಿಗೂ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ನೆತ್ತಿಯ ಮಟ್ಟಕ್ಕೆ ಇದ್ದಿಲಲ್ಲಿ ಗೆರೆ ಎಳೆಯುತ್ತಿದ್ದ. ಆ ಗೆರೆಗಳು ಐದಡಿಗೆ ಬಂದು ನಿಂತವು, ಆಮೇಲೆ ಎಷ್ಟು ಯುಗಾದಿ ಬಂದರೂ ಮೇಲೇಳಲಿಲ್ಲ. ಸ್ಕೂಲಿನಲ್ಲಿ ಮುಂದಿನ ಬೆಂಚು, ಮದುವೆಮನೆಯಲ್ಲಿ ಮುಂದಿನ ಸಾಲು. ತನ್ನ ಮದುವೆ ದಿನ ಗಂಡಿನ ಕೊರಳಿಗೆ ಹಾರ ಹಾಕೋಕೆ ಎಟುಕದೆ ಒದ್ದಾಡಿದಾಗ ಇದೇ ಅಣ್ಣ ಎಲ್ಲಿಂದಲೋ ಒಂದು ಮಣೆ ತಂದು ಕಾಲ ಕೆಳಗೆ ತಳ್ಳಿದ್ದ, ನೆರೆದವರೆಲ್ಲಾ ಗೊಳ್ಳೆಂದಿದ್ದರು. ಕಟ್ಟಿಕೊಂಡ ಗಂಡನೋ, ಕ್ಯಾಮೆರಾ ಹಿಡಿದರೆ ಸಾಕು, ಗಿಡ್ಡಗಿರೋರು ಮುಂದೆ ಬನ್ನಿ ಅಂತ ಕೂಗೋದೇ ಅವನ ಕಸುಬು.

ಇಂಥ ಹೊತ್ತಿಗೆ ಮಗಳು ಚಂದನ ಮಂಡ್ಯದಿಂದ ಬಂದಳು. ಹಡಗಿನಲ್ಲಿ ಹವಾಯಿ ಚಪ್ಪಲಿ ಎಳೆದುಕೊಂಡು ಓಡಾಡಬೇಡ ಅಂತ ತನ್ನದೇ ಒಂದು ಜೊತೆ ಅಮ್ಮನ ಸೂಟ್‌ಕೇಸಿಗೆ ತುರುಕಿದಳು. ಹಿಮ್ಮಡಿ ಮಾತ್ರವಲ್ಲ, ಮುಂಗಾಲಿನ ಕೆಳಗೂ ದಪ್ಪ ಅಟ್ಟೆ, ಒಟ್ಟು ಮೂರು ಇಂಚು. ಯಶೋದಮ್ಮ ಥೂ ಅಂದಳು, ಬೇಡ ಅಂದಳು. ಚಂದನ ಬಸ್ಸು ಹತ್ತಿದ ಮೇಲೆ ಬಚ್ಚಲುಮನೆ ಬಾಗಿಲು ಹಾಕಿಕೊಂಡು ನಾಲ್ಕು ಹೆಜ್ಜೆ ಹಾಕಿ ನೋಡಿದಳು. ಗೋಡೆಯ ಮೇಲಿನ ಕನ್ನಡಿಯಲ್ಲಿ ಯಾವತ್ತೂ ಹಣೆವರೆಗೆ ಮಾತ್ರ ಕಾಣುತ್ತಿದ್ದವಳಿಗೆ ಅವತ್ತು ಗದ್ದವೂ ಕಂಡಿತು.

ಮುಂಬೈಯಲ್ಲಿ ಹಡಗು ಹತ್ತಿ ಒಳಗೆ ಕಾಲಿಟ್ಟಾಗ ಗಂಡ ಹೆಂಡತಿ ಇಬ್ಬರೂ ಕತ್ತೆತ್ತಿಕೊಂಡು ನಿಂತುಬಿಟ್ಟರು. ಕೆಳಗಿಂದ ಮೇಲಕ್ಕೆ ಮಹಡಿಯ ಮೇಲೆ ಮಹಡಿ, ನಡುವೆ ಗಾಜಿನ ಲಿಫ್ಟು ಏರಿ ಇಳಿಯುತ್ತಿವೆ, ಎದುರಿಗೆ ಅರ್ಧಕ್ಕೆ ಬಂದು ಎಡಕ್ಕೂ ಬಲಕ್ಕೂ ಕವಲೊಡೆಯುವ ಮೆಟ್ಟಿಲು, ಅದರ ಹಿತ್ತಾಳೆ ಕೈಗಂಬಿಯಲ್ಲಿ ಮುಖ ನೋಡಿಕೊಳ್ಳಬಹುದು. ಶಿವರಾಮು ಮೊದಲು ಎಚ್ಚೆತ್ತು ಕ್ಯಾಮೆರಾ ಬಿಚ್ಚಿದ. ಯಶೋದಮ್ಮ ಕೋಣೆಗೆ ಹೋಗಿ ಮುಖ ತೊಳೆದು, ಸೀರೆಯನ್ನ ಮೂರಿಂಚು ಇಳಿಸಿ ಉಟ್ಟು, ಚಂದನಳ ಚಪ್ಪಲಿ ಮೆಟ್ಟಿ ಬಂದಳು. ಇಲ್ಲಿ ನನ್ನನ್ನ ಯಾರು ಬಲ್ಲರು ಅನ್ನೋ ಧೈರ್ಯ ಅವಳದ್ದು. ಅಳತೆ ಅನ್ನೋದು ಆ ಕ್ಷಣಕ್ಕೆ ತಲೆಯಲ್ಲೇ ಇರಲಿಲ್ಲ. ಶಿವರಾಮು ಅವಳನ್ನ ಮೇಲಿಂದ ಕೆಳಕ್ಕೆ ನೋಡಿ, ಏನೇ ಇವತ್ತು ಒಂಥರಾ ಕಾಣ್ತೀಯಲ್ಲ ಅಂದ. ಏನು ಅಂತ ಅವನಿಗೂ ಹೊಳೆಯಲಿಲ್ಲ, ಇವಳೂ ಹೇಳಲಿಲ್ಲ.

ಮೂರು ದಿನ ಅವರು ಸುತ್ತಿದ ಸುತ್ತು ಅಷ್ಟಿಷ್ಟಲ್ಲ. ಬೆಳಿಗ್ಗೆ ಆರಕ್ಕೆ, ಜನ ಏಳೋ ಮೊದಲು ಊಟದ ಹಾಲು. ಆಮೇಲೆ ಕೆಂಪು ಕುರ್ಚಿಯ ನಾಟಕದ ಹಾಲು. ಪುಸ್ತಕದ ಕೋಣೆ ಅಂತ ಒಂದಿತ್ತು, ನೊಣವೂ ಇರಲಿಲ್ಲ. ಜೂಜಿನ ಕೋಣೆಯಲ್ಲಿ ಫೋಟೋ ತೆಗೆಯೋ ಹಾಗಿಲ್ಲ ಅಂತ ಕಾವಲಿನವನು ಕೈ ಅಡ್ಡ ಇಟ್ಟ. ಶಿವರಾಮು ಪೇಚಾಡಿಕೊಂಡ, ಯಶೋದಮ್ಮ ಮಾತ್ರ ನಮ್ಮ ಗಂಡಸರಿಗೆ ಇಸ್ಪೀಟಿಗೆ ಕೋಣೆ ಯಾಕೆ, ಒಂದು ಜಮಖಾನ ಹಾಸಿದರೆ ಮುಗೀತು ಅಂತ ಮುಂದೆ ನಡೆದಳು. ಉದ್ದುದ್ದ ಓಣಿಗಳ ರತ್ನಗಂಬಳಿಯಲ್ಲಿ ಸಣ್ಣ ಸಣ್ಣ ಮೀನು ನೇಯ್ದಿದ್ದರು. ಎಲ್ಲಾ ಮೀನೂ ಹಡಗಿನ ಮೂತಿಯ ಕಡೆಗೇ ಮುಖ ಮಾಡಿವೆ, ದಾರಿ ತಪ್ಪಿದವರು ಮೀನು ನೋಡಿಕೊಂಡು ಹೋಗಲಿ ಅಂತ ಅನ್ನೋದು ಎರಡನೇ ದಿನ ತಿಳಿಯಿತು. ಅಷ್ಟರಲ್ಲಿ ಇಬ್ಬರೂ ನಾಲ್ಕು ಸಲ ದಾರಿ ತಪ್ಪಿ ಆಗಿತ್ತು.

ಪ್ರತಿ ಜಾಗದಲ್ಲೂ ಅದೇ ಪಾಠ. ಕಂಬಕ್ಕೆ ಬೆನ್ನು ಅಂಟಿಸಿ ನೆಟ್ಟಗೆ ಒಂದು, ಕೈ ಚಾಚಿ ಒಂದು. ಶಿವರಾಮುವಿಗೆ ಮದುವೆಮನೆ ಅಭ್ಯಾಸ, ಗದ್ದ ಮೇಲೆ, ಭುಜ ಕೆಳಗೆ, ಸ್ವಲ್ಪ ನಗಬೇಕು ಅಂತ ಪ್ರತಿ ಸಲವೂ ಹೇಳೋನು. ಈಜುಕೊಳದ ಹತ್ತಿರ ಕೈ ಚಾಚಿ ನಿಂತಿದ್ದಾಗ ಒಬ್ಬ ಗುಜರಾತಿ ಅಜ್ಜಿ ಇದು ಯಾವುದೋ ಆಸನ ಇರಬೇಕು ಅಂದುಕೊಂಡು ಪಕ್ಕದಲ್ಲಿ ಬಂದು ಕೈ ಚಾಚಿ ನಿಂತಳು. ಮಾರನೇ ದಿನ ಅಜ್ಜಿ ತನ್ನ ಜೊತೆಯವರನ್ನೂ ಕರೆತಂದಳು. ಎಂಟು ಜನ ಹೆಂಗಸರು ನೀರಿನ ದಡದಲ್ಲಿ ಸಾಲಾಗಿ ಕೈ ಚಾಚಿಕೊಂಡು ಉಸಿರು ಎಳೆದು ಬಿಡುತ್ತಿದ್ದರು, ನಡುವೆ ಯಶೋದಮ್ಮ ಗುರುಮಾತೆಯ ಗತ್ತಿನಲ್ಲಿ ನಿಂತಿದ್ದಳು. ನಗು ತಡೆಯೋಕಾಗದೆ ಶಿವರಾಮು ಒಂದು ಗುಂಪಿನ ಫೋಟೋ ತೆಗೆಯೋಕೆ ಹೊರಟ. ಹರುಕು ಮುರುಕು ಹಿಂದಿಯಲ್ಲಿ ಗಿಡ್ಡಗಿರೋರು ಮುಂದೆ ಬನ್ನಿ ಅಂದ. ಅಜ್ಜಿಯರು ಮುಂದೆ ಬಂದರು. ಯಶೋದಮ್ಮನ ಕಾಲು ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟಿತು, ಆಮೇಲೆ ಅವಳು ಆಚೆ ಈಚೆ ನೋಡಿ ಹಿಂದಿನ ಸಾಲಿಗೇ ಹೋಗಿ ನಿಂತಳು. ಆಹಾ, ಆ ಸುಖ ಅವಳಿಗೇ ಗೊತ್ತು.

ಕಡೇ ದಿನ ಸಂಜೆ ಹಡಗಿನ ಮೇಲಿನ ತೆರೆದ ಅಟ್ಟಕ್ಕೆ ಹೋಗಿ, ಅಂಚಿಗೆ ಕಂಬಿ ಕಟ್ಟಿದ್ದ ಕಟಾಂಜನದ ಹತ್ತಿರ ನಿಂತರು. ಅಳತೆಯ ಎರಡೂ ಫೋಟೋ ಆದ ಮೇಲೆ ಯಶೋದಮ್ಮ, ಇನ್ನೊಂದು ತೆಗಿ, ಇದು ಅಳತೆಗಲ್ಲ, ನಂಗೆ ಅಂದಳು. ಎರಡೂ ಮೊಣಕೈ ಕಟಾಂಜನದ ಮೇಲೆ ಊರಿ, ಗದ್ದಕ್ಕೆ ಕೈ ಕೊಟ್ಟು ನೀರು ನೋಡುತ್ತಾ ನಿಂತಳು. ಶಿವರಾಮು ಯಾಕೋ ಈ ಸಲ ಗದ್ದ ಮೇಲೆ ಅನ್ನಲಿಲ್ಲ, ಸುಮ್ಮನೆ ತೆಗೆದ.

ಊರಿಗೆ ಬಂದು ವಾರಕ್ಕೆಲ್ಲಾ ಫೋಟೋಗಳನ್ನ ದೊಡ್ಡದಾಗಿ ಪ್ರಿಂಟು ಹಾಕಿಸಿ ಶೆಡ್ಡಿನ ಹಲಗೆ ಮೇಲೆ ಹರಡಿದರು. ಗೌಡರು ಒಂದೊಂದನ್ನೇ ಎತ್ತಿ ದೇವರ ಪಟದ ಹಾಗೆ ನೋಡಿದರು. ಎಂಜಿನಿಯರು ಕನ್ನಡಕ ಏರಿಸಿಕೊಂಡು, ಫೋಟೋದಿಂದ ಅಳತೆ ತೆಗೆಯೋದು ಅಷ್ಟು ಸುಲಭ ಅಲ್ಲ ಹೊನ್ನಯ್ಯನವರೇ, ಹೆಚ್ಚುಕಮ್ಮಿ ಆದರೆ ಯಾರು ಜವಾಬ್ದಾರಿ ಅಂತ ಕೇಳಿದರು. ಸಣ್ಣ ಪ್ರಶ್ನೆ, ಆದರೆ ಹೊನ್ನಯ್ಯನಿಗೆ ಎಲ್ಲೋ ಚುಚ್ಚಿತು. ಕಿವಿಯ ಮೇಲೆ ಸಿಕ್ಕಿಸಿದ್ದ ದಾರ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ.

"ನಮ್ ಯಸೋದಿ ಐದಡಿ. ಒಂದ್ ನೂಲು ಎಚ್ಚಿಲ್ಲ, ಒಂದ್ ನೂಲು ಕಮ್ಮಿಯಿಲ್ಲ. ನಾನ್ ಕಟ್ಟಿದ್ದು ಆ ಅಡಗ್ಗಿಂತ ಒಂದ್ ಗೇಣು ತಪ್ಪಿದ್ರೂ ಗಾರೆ ಕರಣೆ ಕೆಳಗ್ ಮಡುಗ್ಬುಡ್ತೀನಿ. ಆಮ್ಯಾಕೆ ಯಾರೂ ನನ್ನ ಮೇಸ್ತ್ರಿ ಅನ್ಬೇಡಿ."

ಆಗ ನೆನಪಾಯಿತು ಯಶೋದಮ್ಮನಿಗೆ ಹಡಗಿನಲ್ಲಿ ಮೆಟ್ಟಿದ್ದ ಚಪ್ಪಲಿ. ಎಸ್ಸೆಸ್ಸೆಲ್ಸಿ ಓದಿದವಳು, ಲೆಕ್ಕ ಬರುತ್ತಿತ್ತು. ಐದಡಿಗೆ ಮೂರಿಂಚು ತಪ್ಪಿದರೆ ಇಪ್ಪತ್ತಡಿಗೆ ಒಂದು ಅಡಿ. ತಾನು ಐದಡಿ ಅಂದುಕೊಂಡು ಕಟ್ಟಿದರೆ ಕಂಬ, ಚಾವಣಿ, ಮೆಟ್ಟಿಲು ಎಲ್ಲವೂ ಹಡಗಿಗಿಂತ ಗಿಡ್ಡ ಬರುತ್ತೆ. ಗೇಣಲ್ಲ, ಗೇಣಿನ ಮೇಲೆ ಇನ್ನೊಂದಿಷ್ಟು. ಬಾಯಿ ತೆಗೆಯಬೇಕು ಅಂದುಕೊಂಡಳು. ಎದುರಿಗೆ ಅಷ್ಟು ಜನ ಗಂಡಸರು, ಅದರಲ್ಲಿ ಗೌಡರು ಬೇರೆ. ಐವತ್ತೆರಡು ವರ್ಷದ ಹೆಂಗಸು ಎತ್ತರ ಕಾಣೋ ಆಸೆಗೆ ಮಗಳ ಚಪ್ಪಲಿ ಮೆಟ್ಟಿದ್ದೆ ಅಂತ ಯಾವ ಬಾಯಲ್ಲಿ ಹೇಳೋದು?

ಹೊನ್ನಯ್ಯ ಫೋಟೋದ ಮೇಲೆ ಬಗ್ಗಿ ದಾರವನ್ನ ಅವಳ ನೆತ್ತಿಯಿಂದ ಪಾದದವರೆಗೆ ಇಟ್ಟ. ಆಮೇಲೆ ಕೈ ಚಾಚಿದ ಫೋಟೋಗೆ ಇಟ್ಟ. ಮತ್ತೆ ಮೊದಲನೇದಕ್ಕೆ ಇಟ್ಟ. ತಲೆ ಎತ್ತಿ, ಯಸೋದಿ, ಅಲ್ಲಿ ಊಟ ತಿಂಡಿ ಚೆನ್ನಾಗಿತ್ತಾ ಅಂತ ಕೇಳಿದ. ಚೆನ್ನಾಗಿತ್ತು ಕಣಣ್ಣ ಅಂದಳು. ಹೂಂ ಅಂತ ಅವನು ಮತ್ತೆ ಬಗ್ಗಿ, ಕಂಬದುದ್ದಕ್ಕೂ ದಾರ ಎಣಿಸೋಕೆ ಶುರುಮಾಡಿದ.

ಅವತ್ತಿನಿಂದ ಅವಳಿಗೆ ನೆಮ್ಮದಿ ಇಲ್ಲ. ಹಾಗಂತ ಊಟ ನಿದ್ದೆ ಬಿಟ್ಟಳು ಅಂತಲ್ಲ, ಅಷ್ಟು ನಾಜೂಕಿನವಳಲ್ಲ ಅವಳು; ಆದರೆ ಒಳಗೆ ಒಂದು ಮುಳ್ಳು. ಒಂದು ಭಾನುವಾರ ಕಜ್ಜಾಯ ಮಾಡಿಕೊಂಡು ಹೇಳಿಯೇ ಬಿಡೋಣ ಅಂತ ಕೊತ್ತತ್ತಿಗೆ ಹೋದಳು. ಅಣ್ಣ ಜಗಲಿಯಲ್ಲಿ ನಾಲ್ಕು ಜನರನ್ನ ಕೂರಿಸಿಕೊಂಡು, ನನ್ನ ತಂಗಿ ಸಮುದ್ರಕ್ಕೇ ಹೋಗಿ ಅಳತೆ ತಂದವಳೆ ಅಂತ ಕೊಚ್ಚಿಕೊಳ್ಳುತ್ತಿದ್ದ. ಕಜ್ಜಾಯ ಕೊಟ್ಟು ವಾಪಸ್ ಬಂದಳು. ಮುಂದಿನ ವಾರ ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಕಂಬ ಎದ್ದವು. ಕಂಬ ಎದ್ದ ಮೇಲೆ ಹೇಳಿದರೆ ಕೆಡವಬೇಕು. ಮದ್ದೂರಿಗೆ ಬಸ್ಸಿನಲ್ಲಿ ಹೋಗುವಾಗೆಲ್ಲಾ ಕಿಟಕಿಯಲ್ಲಿ ಕತ್ತು ತಿರುಗಿಸಿ ನೋಡುತ್ತಿದ್ದಳು, ಅವಳ ಕಣ್ಣಿಗೆ ಆ ಛತ್ರ ದಿನ ದಿನಕ್ಕೂ ಗಿಡ್ಡಗಾಗುತ್ತಿರುವಂತೆ ಕಾಣುತ್ತಿತ್ತು.

ವರ್ಷ ತಿರುಗುವಷ್ಟರಲ್ಲಿ ಛತ್ರ ಮುಗಿಯಿತು. ಜನ ಆಗಲೇ ಅಡಗಿನ ಛತ್ರ ಅಂತ ಹೆಸರಿಟ್ಟಾಗಿತ್ತು. ಕವಲೊಡೆಯುವ ಮೆಟ್ಟಿಲು, ಹಿತ್ತಾಳೆ ಕೈಗಂಬಿ, ಗುಂಡನೆ ಕಿಟಕಿ, ಮೇಲೆ ಅಟ್ಟ, ಅಟ್ಟಕ್ಕೆ ಕಟಾಂಜನ. ನೆಲದ ಟೈಲ್ಸಿನಲ್ಲಿ ಮೀನೂ ಇದ್ದವು, ಹೊನ್ನಯ್ಯ ಒಂದೇ ಒಂದು ಬದಲಾವಣೆ ಮಾಡಿದ್ದ. ಛತ್ರಕ್ಕೆ ಮೂತಿ ಎಲ್ಲಿಂದ ಬರಬೇಕು, ಅದಕ್ಕೇ ಎಲ್ಲಾ ಮೀನಿನ ಮುಖವನ್ನೂ ಊಟದ ಹಾಲಿನ ಕಡೆಗೆ ತಿರುಗಿಸಿ ಕೂರಿಸಿದ್ದ.

ಗೃಹಪ್ರವೇಶಕ್ಕೆ ಮೂರು ದಿನ ಇತ್ತು. ಬೆಳಿಗ್ಗೆ ಗಣಪತಿ ಪೂಜೆ ಇಟ್ಟುಕೊಂಡಿದ್ದರು, ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಓಡಾಡುತ್ತಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿದ್ದ ಗೌಡರ ತಾಯಿ ಮಲ್ಲಿಗಮ್ಮ ಮುಂಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಬಂದುಹೋಗುವವರನ್ನ ವಿಚಾರಿಸುತ್ತಿದ್ದರು. ಆಗ ಬಂದರು ಕೃಷ್ಣಪ್ರಸಾದ್, ಕೈಯಲ್ಲೊಂದು ನೋಟ್‌ಬುಕ್ಕು, ಗುಂಡಿ ಒತ್ತಿದರೆ ಕೆಂಪು ಬೆಳಕು ಬಿಟ್ಟು ಅಳತೆ ಹೇಳೋ ಒಂದು ಪುಟ್ಟ ಪೆಟ್ಟಿಗೆ. ವಿಷಯ ಏನಪ್ಪಾ ಅಂದರೆ, ಆ ದಾರದ ಲೆಕ್ಕ ಅವರಿಗೆ ವರ್ಷವೆಲ್ಲಾ ಕೊರೆದಿತ್ತು. ದಸರಾ ರಜೆಯಲ್ಲಿ ಹೆಂಡತಿಯನ್ನ ಕರೆದುಕೊಂಡು ತಮ್ಮ ಖರ್ಚಿನಲ್ಲೇ ಅದೇ ಹಡಗಿಗೆ ಹೋಗಿ, ಈ ಪೆಟ್ಟಿಗೆಯಿಂದ ಮೊಟ್ಟಮೊದಲ ಮೆಟ್ಟಿಲಿಂದ ಚಾವಣಿಯವರೆಗೆ ಅಳೆದುಕೊಂಡು ಬಂದಿದ್ದರು. ಬೇಜಾರು ಮಾಡ್ಕೋಬೇಡಿ ಹೊನ್ನಯ್ಯನವರೇ, ಒಂದು ಸಲ ತಾಳೆ ನೋಡಿಬಿಡೋಣ, ನನ್ನ ಸಮಾಧಾನಕ್ಕೆ ಅಂದರು. ಹೊನ್ನಯ್ಯ ನೋಡ್ರಪ್ಪ, ಅದಕ್ಕೇನಂತೆ ಅಂದ.

ಎಂಜಿನಿಯರು ಮೆಟ್ಟಿಲ ಕೆಳಗೆ ಬಗ್ಗಿ ಪೆಟ್ಟಿಗೆಯನ್ನ ನೆಲಕ್ಕೆ ಇಟ್ಟರು. ಕೆಂಪು ಚುಕ್ಕಿ ಚಾವಣಿಯಲ್ಲಿ ಕೂತಿತು. ಗೌಡರು ಕತ್ತೆತ್ತಿ ನೋಡುತ್ತಿದ್ದರು, ಶಿವರಾಮು ಕ್ಯಾಮೆರಾ ಇಳಿಸಿದ. ಯಶೋದಮ್ಮನಿಗೆ ಇನ್ನು ತಡೆಯೋಕಾಗಲಿಲ್ಲ. ಅಣ್ಣ ಕರಣೆ ಕೆಳಗಿಡೋದನ್ನ ನೋಡೋದಕ್ಕಿಂತ ತನ್ನ ಮಾನ ಹೋದರೆ ಹೋಗಲಿ ಅನ್ನಿಸಿತು. ಹೋಗಿ ಎಂಜಿನಿಯರ ಮುಂದೆ ನಿಂತಳು.

"ನಿಲ್ಸಿ ಸಾಮಿ. ಅಳತೆ ತಪ್ಪದೆ, ಆದ್ರೆ ಅಣ್ಣಂದು ತಪ್ಪಲ್ಲ, ನಂದು. ಅಡಗಲ್ಲಿ ನಾನು ಚಂದನಂದು ಎತ್ರದ್ ಚಪ್ಲಿ ಆಕಿದ್ದೆ. ಮೂರಿಂಚು. ಉದ್ದ ಕಾಣ್ಬೇಕು ಅಂತ ಆಸೆಯಾಗಿತ್ತು, ಆಕ್ಬುಟ್ಟೆ."

ಶಿವರಾಮು ಬಾಯಿ ಬಿಟ್ಟುಕೊಂಡು ಹೆಂಡತಿಯ ಕಾಲು ನೋಡಿದ, ವರ್ಷದ ಹಿಂದೆ ಹೊಳೆಯದಿದ್ದದ್ದು ಅವನಿಗೆ ಈಗ ಹೊಳೆಯಿತು. ಯಶೋದಮ್ಮ ತಲೆ ತಗ್ಗಿಸಿದ್ದಳು. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

"ಅಳ್ಬ್ಯಾಡ ಕಣಮ್ಮಿ," ಅಂದ ಹೊನ್ನಯ್ಯ. "ನಂಗೊತ್ತು."

ಆಮೇಲೆ ಅವನು ಎಲ್ಲರ ಎದುರಿಗೆ ಬಿಡಿಸಿ ಹೇಳಿದ. ಮನುಷ್ಯ ಎಷ್ಟು ಉದ್ದವೋ ಅವನ ಮಾರೂ ಸುಮಾರು ಅಷ್ಟೇ. ಯಶೋದಮ್ಮನದಂತೂ ಎರಡೂ ಸರಿಯಾಗಿ ಐದಡಿ, ಯುಗಾದಿ ಗೆರೆ ಎಳೆಯುತ್ತಿದ್ದ ಆ ಬಾಗಿಲ ಚೌಕಟ್ಟಿನ ಹತ್ತಿರವೇ ಅಳೆದು ನೋಡಿದ್ದ. ಅವತ್ತು ಶೆಡ್ಡಿನಲ್ಲಿ ದಾರ ಇಟ್ಟಾಗ ನಿಂತ ಉದ್ದ ಜಾಸ್ತಿ ಬಂತು, ಕೈ ಚಾಚಿದ್ದು ಕಮ್ಮಿ ಬಂತು. ಐವತ್ತೆರಡು ವರ್ಷಕ್ಕೆ ಯಾರು ಬೆಳೀತಾರೆ, ಹಡಗಿನ ಊಟ ಎಷ್ಟೇ ಚೆನ್ನಾಗಿರಲಿ. ಕಾಲ ಕೆಳಗೆ ಏನೋ ಇದೆ ಅಂತ ಆವತ್ತೇ ಗೊತ್ತಾಗಿ, ನಿಂತ ಉದ್ದವನ್ನ ಪಕ್ಕಕ್ಕಿಟ್ಟು ಅಗಲ ಎತ್ತರ ಎಲ್ಲಕ್ಕೂ ಅವಳ ಮಾರನ್ನೇ ಹಿಡಿದು ಕಟ್ಟಿದ್ದ. ಕೈಗೆ ಚಪ್ಪಲಿ ಹಾಕಿರಲಿಲ್ಲವಲ್ಲ ಅಂದ.

ಎಂಜಿನಿಯರು ಗುಂಡಿ ಒತ್ತಿದರು. ನೋಟ್‌ಬುಕ್ಕು ನೋಡಿದರು, ಪೆಟ್ಟಿಗೆ ನೋಡಿದರು, ಇನ್ನೊಂದು ಸಲ ಒತ್ತಿದರು. ಹಡಗಿಗೂ ಛತ್ರಕ್ಕೂ ಎರಡು ಇಂಚು ವ್ಯತ್ಯಾಸ. ಒಳ್ಳೇ ಮನುಷ್ಯ, ಸೋಲೊಪ್ಪಿಕೊಳ್ಳೋಕೆ ಹಿಂದೆಮುಂದೆ ನೋಡಲಿಲ್ಲ. ಆ ದಾರ ಇದ್ದರೆ ನನಗೆ ಕೊಡಿ ಅಂತ ಕೇಳಿ ಈಸಿಕೊಂಡು, ಸುತ್ತಿ ಜೇಬಿಗಿಟ್ಟುಕೊಂಡರು. ಗೌಡರು ಅಷ್ಟೊತ್ತಿಗೆ ಮೆಟ್ಟಿಲ ಅರ್ಧಕ್ಕೆ ಹೋಗಿ ಕೈಗಂಬಿ ಹಿಡಿದು ನಿಂತಿದ್ದರು. ಅವರ ಮುಖದಲ್ಲಿ ಸಮುದ್ರ ದಾಟಿ ಬಂದವರ ಕಳೆ ಇತ್ತು.

ಯಶೋದಮ್ಮನಿಗೆ ಸಮಾಧಾನಕ್ಕಿಂತ ಮೊದಲು ಬಂದದ್ದು ಸಿಟ್ಟು. ಅಣ್ಣನ ತೋಳು ಹಿಡಿದು ಕಂಬದ ಮರೆಗೆ ಎಳೆದಳು. ಒಂದು ವರ್ಷ ನಾನು ಒಳಗೊಳಗೇ ಬೆಂದೆ, ಗೊತ್ತಿದ್ದವನು ಒಂದು ಮಾತು ಹೇಳೋಕೆ ನಿನಗೇನಾಗಿತ್ತು ಅಂತ ತರಾಟೆಗೆ ತೆಗೆದುಕೊಂಡಳು. ಹೊನ್ನಯ್ಯ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಅಷ್ಟು ಜನ ಗಂಡಸ್ರು ಕುಂತಿದ್ರಲ್ಲವ್ವ. ಅವರ್ನೆಲ್ಲಾ ನಿನ್ ಕಾಲ್ ನೋಡಂಗ್ ಮಾಡ್ಲಾ? ಮದ್ವೇಲಿ ಮಣೆ ತಳ್ಳಿ ಒಂದ್ಸಲ ನಗ್ಸಿವ್ನಿ, ಸಾಕು. ನೀನೇ ಬಂದು ಯೋಳ್ತೀಯ ಅಂತಿದ್ದೆ, ನೀನು ಬರೀ ಕಜ್ಜಾಯ ಕೊಟ್ಬುಟ್ಟು ಓದೆ." ಆಮೇಲೆ ಮೇಲಕ್ಕೆ ಕೈ ತೋರಿಸಿದ. "ಓಗು, ಅಟ್ಟದ ಮುಂದ್ಗಡೆ ಒಂದ್ ಕಲ್ಲು ಮಡಗಿವ್ನಿ. ಅದು ನಿಂದು."

ಅವಳು ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿದಳು. ಅಟ್ಟದ ಮುಂಭಾಗದಲ್ಲಿ, ಮುಂಬಾಗಿಲಿಗೆ ಸರಿಯಾಗಿ ಮೇಲೆ, ಕಟಾಂಜನದ ಬುಡಕ್ಕೆ ಒಂದು ಬೂದು ಕಲ್ಲನ್ನ ನೆಲದಿಂದ ಮೇಲೆದ್ದಿರುವ ಹಾಗೆ ಕೂರಿಸಿತ್ತು. ಎರಡು ಪಾದಕ್ಕೆ ಸಾಕಾಗುವಷ್ಟು ಅಗಲ, ಅಂಚನ್ನೆಲ್ಲಾ ಕಾಲಿಗೆ ಚುಚ್ಚದ ಹಾಗೆ ತೀಡಿ ನುಣುಪು ಮಾಡಿತ್ತು. ಎಷ್ಟು ಎತ್ತರ ಅಂತ ಅಳೆಯೋ ಅಗತ್ಯ ಅವಳಿಗೆ ಬೀಳಲಿಲ್ಲ. ಬರಿಗಾಲನ್ನ ಕಲ್ಲಿನ ಮೇಲಿಟ್ಟು ಹತ್ತಿ ನಿಂತಳು. ಅವಳು ಏನೂ ಮಾಡದೆ ಮೊಣಕೈಗಳು ತಾವಾಗಿ ಕಟಾಂಜನದ ಮೇಲೆ ಬಂದು ಕೂತವು, ಹಡಗಿನಲ್ಲಿ ಕೂತಿದ್ದ ಹಾಗೆಯೇ. ಅಳತೆಗಲ್ಲದ ಆ ಒಂದು ಫೋಟೋವನ್ನ ಅಣ್ಣ ಅದೆಷ್ಟು ಸಲ ನೋಡಿದ್ದನೋ. ಎದುರಿಗೆ ಕಬ್ಬಿನ ಗದ್ದೆ, ಅದರಾಚೆ ನಾಲೆ ಏರಿ, ಮಳವಳ್ಳಿ ಕಡೆ ಹೋಗೋ ಬಸ್ಸು.

ಹೊನ್ನಯ್ಯ ಮುಂಬಾಗಿಲಿಗೆ ಬಂದು ಅಂಗಳದಲ್ಲಿ ನಿಂತು ಮೇಲೆ ನೋಡಿದ. ಕುರ್ಚಿಯಲ್ಲಿದ್ದ ಮಲ್ಲಿಗಮ್ಮನೂ ಅವನು ನೋಡಿದ ಕಡೆಗೇ ಕತ್ತೆತ್ತಿದರು, ಬಿಸಿಲಿಗೆ ಕಪ್ಪು ಕನ್ನಡಕದ ಮೇಲೆ ಕೈ ಅಡ್ಡ ಹಿಡಿದರು.

"ಅದ್ಯಾರ್ಲಾ ಒನ್ನಯ್ಯ, ಮ್ಯಾಲೆ ನಿಂತಿರೋ ಉದ್ದನೆ ಎಂಗ್ಸು?"

"ನನ್ ತಂಗಿ ಕಣವ್ವ," ಅಂದ ಹೊನ್ನಯ್ಯ.